ಮಾರ್ಕೋನಹಳ್ಳಿಯಲ್ಲಿ ಒಂದು ಭಾನುವಾರ

ಪಿಕ್‌ನಿಕ್ ಎಂದರೆ ಮಕ್ಕಳಿಗೆ ಆಟ, ಗಂಡಸರಿಗೆ ಮರದಡಿ ನಿದ್ದೆ, ನಮಗೆ ಮಾತ್ರ ನಸುಕಿನಲ್ಲೇ ಎದ್ದು ಬುತ್ತಿ ಕಟ್ಟುವ ಕೆಲಸ! ಹೀಗೆ ಗೊಣಗಿಕೊಂಡೇ ಪುಳಿಯೋಗರೆ, ಮೊಸರನ್ನ ಡಬ್ಬಿಗೆ ತುಂಬಿ ಕೋರದಿಂದ ಹೊರಟೆ. ತುಮಕೂರು, ಕುಣಿಗಲ್ ದಾಟಿ, ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಮಾರ್ಕೋನಹಳ್ಳಿ ಜಲಾಶಯ ತಲುಪುವಾಗ ಬಿಸಿಲೇರಿತ್ತು.

ಏರಿಯ ಮೇಲೆ ನಿಂತರೆ ಕಣ್ಣು ಹಾಯುವಷ್ಟೂ ನೀರು! ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅಣೆಕಟ್ಟು. ನಡುವೆ ಕಲ್ಲಿನ ಕಟ್ಟೆ, ಎರಡೂ ಪಕ್ಕ ಉದ್ದನೆಯ ಮಣ್ಣಿನ ಏರಿ.

“ಈ ಶಿಂಷಾ ಹುಟ್ಟೋದು ನಮ್ಮ ದೇವರಾಯನದುರ್ಗದಲ್ಲೇ ಕಣ್ರೋ” ಎಂದರು ಅತ್ತೆ.

“ಹಾಗಾದ್ರೆ ಇದು ನಮ್ಮೂರ ನೀರೇ ಅಜ್ಜಿ!” ಎಂದು ಕುಣಿದ ಚಿಕ್ಕವನು.

ಊಟವಾದ ಮೇಲೆ ಕಟ್ಟೆಯ ಕೆಳಗೆ, ಬಂಡೆಗಳ ನಡುವೆ ಹರಿಯುವ ತೆಳುನೀರು ಕಂಡು ಮಕ್ಕಳು ಹಟ ಹಿಡಿದರು. ಅತ್ತೆ ಬೇಡವೆಂದರು. ನಾನೇ, “ಮೊಣಕಾಲೂ ಮುಳುಗೋಲ್ಲ, ಐದು ನಿಮಿಷ ಆಡಲಿ ಬಿಡಿ” ಎಂದು ಸೀರೆ ಎತ್ತಿ ಕಟ್ಟಿದೆ.

ದಡದಲ್ಲಿ ಕುರಿ ಕಾಯುತ್ತಿದ್ದ ಅಜ್ಜ ಕೂಗಿದ: “ಅವ್ವಾ, ಇಳೀಬ್ಯಾಡಿ! ಮಕ್ಕಳ್ನ ಮೇಲಕ್ಕೆ ಕರ್ಕೊಳ್ಳಿ. ಇದು ಸೈಫನ್ನು. ಹೇಳಿ ಕೇಳಿ ಬರಾಕಿಲ್ಲ.”

ನಮ್ಮೂರ ಕೆರೆ ಕೋಡಿ ಬೀಳುವಾಗ ನೀರು ಮೆಲ್ಲಗೆ ಏರುತ್ತದೆ, ಕಣ್ಣಿಗೆ ಕಾಣುತ್ತದೆ. ಇಲ್ಲಿ ಹಾಗಲ್ಲ. ನೀರು ಒಂದು ಮಟ್ಟ ಮೀರಿದರೆ ಸೈಫನ್ನಿನೊಳಗಿನ ಗಾಳಿ ಹೊರಹೋಗಿ, ನೀರು ತಾನೇ ಸೆಳೆದುಕೊಂಡು ಒಮ್ಮೆಲೇ ರಭಸದಿಂದ ಧುಮುಕುತ್ತದೆ. ಗೇಟು ಎತ್ತುವವರು ಬೇಡ; ಎಚ್ಚರಿಸುವವರೂ ಇರಬೇಕೆಂದಿಲ್ಲ. 2025ರ ಅಕ್ಟೋಬರಿನಲ್ಲಿ ನಮ್ಮಂತೆಯೇ ನೋಡಲು ಬಂದಿದ್ದ ಒಂದು ಕುಟುಂಬದ ಹೆಂಗಸರು, ಮಕ್ಕಳು ಇಲ್ಲೇ ಕೊಚ್ಚಿಹೋದರು. ಪತ್ರಿಕೆಯಲ್ಲಿ ಓದಿ ಲೊಚಗುಟ್ಟಿದ್ದ ನಾನು ಅದೇ ಜಾಗಕ್ಕೆ ಮಕ್ಕಳನ್ನು ಇಳಿಸಲು ಹೊರಟಿದ್ದೆನಲ್ಲ!

ಹಾಗೆಂದು ಮಾರ್ಕೋನಹಳ್ಳಿಗೆ ಹೋಗಬೇಡಿ ಎನ್ನುವುದಿಲ್ಲ. ಖಂಡಿತ ಹೋಗಿ. ಏರಿಯ ಗಾಳಿ, ಸಂಜೆಯ ಬೆಳಕು ಎರಡೂ ಸೊಗಸು. ಬುತ್ತಿ, ಟೋಪಿ, ಕುಡಿಯುವ ನೀರು ಮರೆಯಬೇಡಿ. ಮಳೆಗಾಲದಲ್ಲಾಗಲಿ, ಜಲಾಶಯ ತುಂಬಿರುವಾಗಲಾಗಲಿ ಕಟ್ಟೆಯ ಕೆಳಗೆ ಮಾತ್ರ ಕಾಲಿಡಬೇಡಿ, ನೀರು ಎಷ್ಟೇ ತೆಳುವಾಗಿರಲಿ. ಊರಿನವರ ಮಾತು ಕೇಳಿ.

ಉಳಿದ ಪುಳಿಯೋಗರೆಯನ್ನು ಆ ಅಜ್ಜನಿಗೆ ಕೊಟ್ಟು ಬಂದೆವು. ಹಿಂದಿರುಗುವಾಗ ಅತ್ತೆ ನನ್ನನ್ನು ಒಂದು ಮಾತೂ ಆಡಲಿಲ್ಲ. ಮೊಮ್ಮಗನನ್ನು ತೊಡೆಯ ಮೇಲಿಂದ ಇಳಿಸಲೂ ಇಲ್ಲ.