ಮೊಂಮಾರ್ತಿನ ಬಣ್ಣದ ದಾರ

ಪ್ಯಾರಿಸ್ ನಗರದ ಮೊಂಮಾರ್ತ್ ಗುಡ್ಡವನ್ನೇರಿ ಸಾಕ್ರೆ ಕೊರ್ ಎಂಬ ಬಿಳಿಯ ಇಗರ್ಜಿಯನ್ನು ಕಾಣಬಯಸುವ ಪ್ರವಾಸಿಗೆ ಮೆಟ್ಟಿಲುಗಳ ಬುಡದಲ್ಲಿಯೇ ಬಣ್ಣದ ದಾರ ಹಿಡಿದ ತರುಣರು ಎದುರಾಗುವರು. ನಗುನಗುತ್ತ ಬೆರಳಿಗೆ ದಾರ ಸಿಕ್ಕಿಸಿ, ಮಾತನಾಡುತ್ತಲೇ ಹೆಣೆದು, ಮಣಿಕಟ್ಟಿಗೆ ಕಂಕಣ ಬಿಗಿದು ಹಣ ಕೇಳುವರು. ಕಣ್ಣು ಕಂಕಣದ ಮೇಲಿರುವಾಗ ಜೊತೆಗಾರನ ಕೈ ಜೇಬಿಗಿಳಿಯುವುದೂ ಉಂಟು. ರಕ್ಷೆಯ ದಾರಕ್ಕೆ ಕೈಯೊಡ್ಡಿ ಬೆಳೆದ ಭಾರತೀಯನಂತೂ ಇಲ್ಲಿ ಸುಲಭವಾಗಿ ಸಿಕ್ಕಿಬೀಳಬಹುದು! ಎರಡು ಕೈಗಳನ್ನೂ ಜೇಬಿನಲ್ಲಿಟ್ಟು, ನಿಲ್ಲದೆ ನಡೆಯುವುದೇ ಲೇಸು.

ಈ ಎಚ್ಚರ ಲೂವ್ರ್ ಚಿತ್ರಶಾಲೆಯೊಳಗೂ ಬೇಕು. ಜೇಬುಗಳ್ಳರ ಹಾವಳಿ ತಾಳಲಾರದೆ ಅಲ್ಲಿಯ ಕಾವಲುಗಾರರು 2013ರ ಏಪ್ರಿಲಿನಲ್ಲಿ ಮುಷ್ಕರ ಹೂಡಿದಾಗ ಒಂದು ದಿನ ಬಾಗಿಲೇ ತೆರೆಯಲಿಲ್ಲ. ಮಕ್ಕಳಿಗೆ ಉಚಿತ ಪ್ರವೇಶವಿರುವುದರಿಂದ ಎಳೆಯ ಹುಡುಗರೇ ಕಳ್ಳರಾಗಿ ಒಳನುಗ್ಗುತ್ತಿದ್ದರೆಂಬುದು ಅವರ ದೂರು.