ಸರ್‌ನೇಮ್ ಕಾಲಂನಲ್ಲಿ ಏನ್ ಬರೀಲಿ?

1/8

ಫಾರ್ಮ್ ತುಂಬೋ ಕಾಲ ಬಂತು. ಪಿಜಿ ಅಡ್ಮಿಷನ್, ಸ್ಕಾಲರ್‌ಶಿಪ್, ಕ್ಯಾಂಪಸ್ ಇಂಟರ್‌ವ್ಯೂ, ಪಾಸ್‌ಪೋರ್ಟ್. ಎಲ್ಲಾ ಕಡೆ ನಮ್ಮ ಕೈ ನಿಲ್ಲೋದು ಒಂದೇ ಜಾಗದಲ್ಲಿ. ಫಸ್ಟ್ ನೇಮ್ ಬರೆದಾಯ್ತು. ಕೆಳಗೆ ‘ಲಾಸ್ಟ್ ನೇಮ್’, ಪಕ್ಕದಲ್ಲಿ ಕೆಂಪು ಚುಕ್ಕಿ. ಖಾಲಿ ಬಿಟ್ರೆ ಪೇಜ್ ಮುಂದಕ್ಕೆ ಹೋಗಲ್ಲ.

ಆಗ ನೀವು ಏನ್ ಮಾಡ್ತೀರಿ? ಕೆಲವರು ಅಪ್ಪನ ಹೆಸರು ಹಾಕ್ತೀರಿ. ಕೆಲವರು ಇನಿಷಿಯಲ್ ಹಾಕ್ತೀರಿ. ಕೆಲವರು ತಮ್ಮ ಹೆಸರನ್ನೇ ಎರಡು ತುಂಡು ಮಾಡ್ತೀರಿ. ಬಸವರಾಜ್ ಇದ್ದವನು ಫಸ್ಟ್ ನೇಮ್ ಬಸವ, ಲಾಸ್ಟ್ ನೇಮ್ ರಾಜ್ ಆಗಿಬಿಡ್ತಾನೆ. ಇನ್ನು ಕೆಲವರು ಒಂದು ಚುಕ್ಕಿ ಇಟ್ಟು ಸಬ್‌ಮಿಟ್ ಒತ್ತಿ ದೇವರ ಮೇಲೆ ಭಾರ ಹಾಕ್ತೀರಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಬಹಳ ಮನೆಗಳಲ್ಲಿ ಸರ್‌ನೇಮ್ ಅನ್ನೋದೇ ಇಲ್ಲ. ‘ಏನಪ್ಪಾ, ಸರ್‌ನೇಮ್ ಇಲ್ವಾ?’ ಅಂತ ಹೊರಗಿನವರು ಕೇಳಿದಾಗ ಏನೋ ಕಡಿಮೆ ಇದೆ ಅನ್ನೋ ಹಾಗೆ ತಲೆ ತಗ್ಗಿಸ್ತೀವಿ. ಈ ಸಲದ ಸರಣಿ ಅದರ ಬಗ್ಗೆನೇ. ಸಮಾಧಾನವಾಗಿ ಓದಿ.

2/8

ಮೊದಲು ನಮ್ಮ ಹತ್ರ ಏನಿದೆ ನೋಡೋಣ. ಹೆಸರಿನ ಮುಂದೆ ಎರಡು ಅಕ್ಷರ. ಸಾಮಾನ್ಯವಾಗಿ ಒಂದು ಊರಿನದು, ಇನ್ನೊಂದು ಅಪ್ಪಂದು.

ಎಚ್.ಡಿ. ದೇವೇಗೌಡ ಅಂದ್ರೆ ಹರದನಹಳ್ಳಿ ದೊಡ್ಡೇಗೌಡರ ಮಗ ದೇವೇಗೌಡ. ಎಸ್. ನಿಜಲಿಂಗಪ್ಪನವರ ಎಸ್ ಅಂದ್ರೆ ಚಿತ್ರದುರ್ಗದ ಹತ್ತಿರದ ಸಿದ್ದವ್ವನಹಳ್ಳಿ. ಜೆ. ಮಹಮ್ಮದ್ ಇಮಾಂ ಗೊತ್ತಲ್ಲ? ಚಿತ್ರದುರ್ಗದಿಂದ ಲೋಕಸಭೆಗೆ ಹೋಗಿದ್ದವರು. ಅವರ ಜೆ ನಮ್ಮ ಜಗಳೂರೇ. ಹಿಂದೂ ಇರಲಿ, ಮುಸ್ಲಿಂ ಇರಲಿ, ಊರು ಮುಂದೆ, ಮನುಷ್ಯ ಹಿಂದೆ.

ಈ ಇನಿಷಿಯಲ್‌ಗಳು ಒಂದೇ ಕಡೆ ನಿಲ್ಲಲ್ಲ, ತಲೆಮಾರಿಗೆ ಒಂದು ಹೆಜ್ಜೆ ಸರಿಯುತ್ತವೆ. ಕುವೆಂಪು ಅಂದ್ರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಅವರ ಮಗ ಕುಪ್ಪಳಿ ಪುಟ್ಟಪ್ಪ ಪೂರ್ಣಚಂದ್ರ ತೇಜಸ್ವಿ. ಅಜ್ಜ ವೆಂಕಟಪ್ಪನವರು ಹೆಸರಿನಿಂದ ಇಳಿದ್ರು, ಅಪ್ಪ ಪುಟ್ಟಪ್ಪನವರು ಹತ್ತಿದ್ರು. ಊರು ಮಾತ್ರ ಅಲ್ಲೇ ಉಳೀತು.

ನಮ್ಮೂರಿನದೂ ಅದೇ ಕಥೆ. ಮೊದಲು ಶಿವಮೊಗ್ಗ ಜಿಲ್ಲೆ ಹೊನ್ನಾಳಿ ತಾಲ್ಲೂಕು ಅಂತ ಬರೀತಿದ್ರು. 1997ರಲ್ಲಿ ದಾವಣಗೆರೆ ಜಿಲ್ಲೆ ಆಯ್ತು, ವಿಳಾಸ ಬದಲಾಯ್ತು. ಆಮೇಲೆ ನ್ಯಾಮತಿಯೇ ಬೇರೆ ತಾಲ್ಲೂಕಾಯ್ತು, ಮತ್ತೆ ಬದಲಾಯ್ತು. ಚನ್ನಗಿರಿಯವರೂ ಶಿವಮೊಗ್ಗ ಬಿಟ್ಟು ಬಂದವರು, ಜಗಳೂರಿನವರು ಚಿತ್ರದುರ್ಗ ಬಿಟ್ಟು ಬಂದವರು. ಇಷ್ಟೆಲ್ಲಾ ಆದ್ರೂ ಇನಿಷಿಯಲ್‌ನಲ್ಲಿರೋ ಊರಿನ ಅಕ್ಷರ ಅಲ್ಲಾಡಿಲ್ಲ.

3/8

ಈಗ ಇಂಗ್ಲೆಂಡಿಗೆ ಹೋಗಿ ಬರೋಣ. ಆ ಕಾಲಂ ಹುಟ್ಟಿದ್ದು ಅಲ್ಲೇ ತಾನೇ?

ಅಲ್ಲೂ ಮೊದಲು ಸರ್‌ನೇಮ್ ಇರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ಹಳ್ಳಿಯಲ್ಲಿ ಜಾನ್ ಅಂದ್ರೆ ಬರೀ ಜಾನ್. 1066ರಲ್ಲಿ ನಾರ್ಮನ್ನರು ಬಂದ್ರು. ಆಮೇಲಿನ ಎರಡು ಮೂರು ಶತಮಾನದಲ್ಲಿ ಭೂಮಿ, ತೆರಿಗೆ, ಕೋರ್ಟು ಎಲ್ಲಾ ಕಾಗದಕ್ಕೆ ಬಂತು. ಒಂದೇ ಊರಲ್ಲಿ ಹತ್ತು ಜನ ಜಾನ್ ಇದ್ರೆ ಗುಮಾಸ್ತ ಏನ್ ಮಾಡಬೇಕು? ಗುರುತಿಗೆ ಒಂದು ಪದ ಸೇರಿಸಿದ. ಹೆಚ್ಚುಕಮ್ಮಿ ನಾಲ್ಕು ಬಗೆ: ಊರು ಅಥವಾ ಜಾಗ, ಅಪ್ಪನ ಹೆಸರು, ಕಸುಬು, ಅಡ್ಡಹೆಸರು. ಬೆಟ್ಟದ ಹತ್ತಿರದವನು ಹಿಲ್. ಜಾನ್ ಮಗ ಜಾನ್ಸನ್. ಕಮ್ಮಾರ ಸ್ಮಿತ್. ಕುಳ್ಳಗಿದ್ದವನು ಶಾರ್ಟ್.

ಗಮನಿಸಿದ್ರಾ? ಮೊದಲ ಎರಡು ನಮ್ಮ ಇನಿಷಿಯಲ್ಲೇ! ವ್ಯತ್ಯಾಸ ಒಂದೇ. ಅವರದು ಯಾವುದೋ ಒಂದು ತಲೆಮಾರಿನಲ್ಲಿ ಗಟ್ಟಿಯಾಗಿಬಿಡ್ತು. ಜಾನ್ಸನ್ ಮೊಮ್ಮಗನ ಅಪ್ಪ ಪೀಟರ್ ಆದ್ರೂ ಅವನು ಜಾನ್ಸನ್ನೇ. ನಮ್ಮದು ಪ್ರತಿ ತಲೆಮಾರಿನಲ್ಲೂ ನಿಜ ಹೇಳುತ್ತೆ.

ಇನ್ನೊಂದು ಹೆಸರು ಹೇಳ್ತೀನಿ, ನೆನಪಿಟ್ಕೊಳ್ಳಿ: ರೀವ್. ಹಳೇ ಇಂಗ್ಲಿಷ್ ಹಳ್ಳಿಯಲ್ಲಿ ಜಮೀನ್ದಾರನ ಪರವಾಗಿ ರೈತರಿಂದ ಕೆಲಸ ಮಾಡಿಸೋನು, ಲೆಕ್ಕ ಒಪ್ಪಿಸೋನು ರೀವ್. ಜಿಲ್ಲೆ ಮಟ್ಟದಲ್ಲಿ ಅದೇ ಥರದ ಹುದ್ದೆಯವನು ಷೈರ್ ರೀವ್. ಅದೇ ಸವೆದು ಷೆರಿಫ್ ಆಯ್ತು. ಹಳ್ಳಿಯ ರೀವ್ ಹುದ್ದೆ ಹೋಯ್ತು, ಮನೆತನದ ಹೆಸರಾಗಿ ರೀವ್, ರೀವ್ಸ್ ಉಳೀತು. ಹೌದು, ಕಿಯಾನು ರೀವ್ಸ್ ಹೆಸರಿನ ಹಿಂದಿರೋದೂ ಅದೇ. ನಮ್ಮ ಭಾಷೆಗೆ ತಂದ್ರೆ ಹತ್ತಿರ ಹತ್ತಿರ ಕಿಯಾನು ಪಟೇಲ್!

4/8

ಪಟೇಲ್ ಅಂದ ತಕ್ಷಣ ಚನ್ನಗಿರಿಯವರ ಕಿವಿ ನೆಟ್ಟಗಾಗುತ್ತೆ. ಕಾರಿಗನೂರಿನ ಜೆ.ಎಚ್. ಪಟೇಲ್. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು. 1996ರಿಂದ 1999ರವರೆಗೆ ಮುಖ್ಯಮಂತ್ರಿ. ನಮ್ಮ ಜಿಲ್ಲೆ ಆಗಿದ್ದೂ ಅವರ ಕಾಲದಲ್ಲೇ.

ಅವರ ಪೂರ್ತಿ ಹೆಸರು ಜಯದೇವಪ್ಪ ಹಾಲಪ್ಪ ಪಟೇಲ್. ಈಗ ನಿಜಲಿಂಗಪ್ಪನವರ ಪಕ್ಕದಲ್ಲಿಟ್ಟು ನೋಡಿ. ಎಸ್. ನಿಜಲಿಂಗಪ್ಪ ಅಂದಾಗ ಊರು ಮುಚ್ಚಿದೆ, ಮನುಷ್ಯ ಕಾಣ್ತಾನೆ. ಜೆ.ಎಚ್. ಪಟೇಲ್ ಅಂದಾಗ ಜಯದೇವಪ್ಪ ಅನ್ನೋ ಮನುಷ್ಯ ಒಂದು ಅಕ್ಷರದೊಳಗೆ ಹೋಗಿ ಕೂತಿದ್ದಾನೆ, ಮನೆತನದ ಹೆಸರು ಕಾಣುತ್ತೆ. ಅವರ ಮಗ ಮಹಿಮಾ ಪಟೇಲ್ ಕೂಡ ಚನ್ನಗಿರಿಯಿಂದ ಶಾಸಕರಾಗಿದ್ರು. ಅಲ್ಲಿ ಮುಂದುವರಿದಿದ್ದು ಪಟೇಲ್ ಅನ್ನೋ ಪದ. ಸರ್‌ನೇಮ್ ಕೆಲಸ ಮಾಡೋದೇ ಹೀಗೆ.

ಈ ಪದ ಏನು? ಹುದ್ದೆ. ಹಳೇ ತಾಮ್ರಶಾಸನಗಳಲ್ಲಿ ‘ಪಟ್ಟಕಿಲ’ ಅಂತ ಬರುತ್ತೆ, ಅದೇ ಸವೆದು ಪಟೇಲ, ಪಾಟೀಲ ಆಯ್ತು ಅಂತ ಬಲ್ಲವರು ಹೇಳ್ತಾರೆ. ಮೈಸೂರು ಸಂಸ್ಥಾನದ ಹಳ್ಳಿಯಲ್ಲಿ ಕಂದಾಯ ವಸೂಲಿ, ಕಳ್ಳತನ ಜಗಳದ ವರದಿ ಪಟೇಲರದು. ಲೆಕ್ಕ ಶಾನುಭೋಗರದು. ಅಪ್ಪನಿಂದ ಮಗನಿಗೆ ಬರ್ತಿದ್ದ ಕೆಲಸ ಅದು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಯ್ತು, 1963ರಲ್ಲಿ ಜಾರಿಗೆ ಬಂತು. ಪಟೇಲಿಕೆ ಮುಗೀತು. ಆದ್ರೆ ಊರಲ್ಲಿ ಇವತ್ತಿಗೂ ‘ಪಟೇಲರ ಮನೆ’ ಅಂದ್ರೆ ದಾರಿ ತೋರಿಸ್ತಾರೆ.

5/8

ಅದೇ ಪದ ಬೇರೆ ಊರಲ್ಲಿ ಬೇರೆ ಅರ್ಥ. ಗುಜರಾತಿನಲ್ಲಿ ಪಟೇಲ್ ಅಂದ್ರೆ ಹೆಚ್ಚಾಗಿ ಪಾಟೀದಾರ ಸಮುದಾಯ. ಅಲ್ಲಿನ ಚರೋತರ್ ಸೀಮೆಯಿಂದ ಬಹಳ ಜನ ಪೂರ್ವ ಆಫ್ರಿಕಾಕ್ಕೆ ಹೋದ್ರು. 1972ರಲ್ಲಿ ಉಗಾಂಡಾದ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಏಷ್ಯಾದವರನ್ನು ಓಡಿಸಿದ. ಸಾವಿರಾರು ಕುಟುಂಬ ಬ್ರಿಟನ್ನಿಗೆ ಬಂದ್ವು. ಇವತ್ತು ಲಂಡನ್ನಿನಲ್ಲಿ ಅತಿ ಹೆಚ್ಚು ಕೇಳೋ ಸರ್‌ನೇಮ್‌ಗಳಲ್ಲಿ ಪಟೇಲ್ ಒಂದು. ಅಮೆರಿಕದ 2010ರ ಜನಗಣತಿಯಲ್ಲಿ ಮೊದಲ ನೂರು ಸರ್‌ನೇಮ್‌ಗಳೊಳಗೆ ಪಟೇಲ್ ಇದೆ, ಎರಡು ಲಕ್ಷಕ್ಕೂ ಹೆಚ್ಚು ಜನ. ಹಳ್ಳಿ ಹುದ್ದೆಯ ಹೆಸರೊಂದು ಇಂಗ್ಲಿಷ್ ಸರ್‌ನೇಮೇ ಆಗಿಹೋಯ್ತು ಅನ್ನಿ. ಆ ಎರಡು ಲಕ್ಷ ಜನಕ್ಕೂ ಕಾರಿಗನೂರಿಗೂ ರಕ್ತಸಂಬಂಧ ಏನೂ ಇಲ್ಲ.

ಅಷ್ಟು ದೂರ ಯಾಕೆ, ಹೊನ್ನಾಳಿಯಿಂದ ರಾಣೆಬೆನ್ನೂರು, ಹಿರೇಕೆರೂರು ಕಡೆ ಹೋಗಿ. 1956ರವರೆಗೆ ಆ ಕಡೆ ಮುಂಬೈ ರಾಜ್ಯ, ಈ ಕಡೆ ಮೈಸೂರು. ಆ ಕಡೆ ಪಾಟೀಲ, ದೇಸಾಯಿ, ಕುಲಕರ್ಣಿ, ಬೆಲ್ಲದ, ಅಕ್ಕಿ, ಮೆಣಸಿನಕಾಯಿ. ಎಲ್ಲಾ ಹೆಸರಿನ ಕೊನೆಗೆ. ಈ ಕಡೆ ಬರೀ ಇನಿಷಿಯಲ್. ಹಳೇ ಗಡಿ ನಕ್ಷೆಯಲ್ಲಿ ಅಳಿಸಿಹೋಗಿದೆ, ಹಾಜರಿ ಪುಸ್ತಕದಲ್ಲಿ ಇನ್ನೂ ಇದೆ.

6/8

ಹಾಗಾದ್ರೆ ನಮ್ಮ ಕಡೆ ಹೆಸರಿನ ಕೊನೆಗಿರೋ ಗೌಡ, ನಾಯ್ಕ ಎಲ್ಲಾ?

ಗೌಡ ಅನ್ನೋದು ಶಾಸನದ ಗಾವುಂಡ, ಊರಿನ ಮುಖ್ಯಸ್ಥ. ಮಂಡ್ಯದಲ್ಲಿ ಗೌಡ ಅಂದ್ರೆ ಒಕ್ಕಲಿಗರು ಅಂತಾರೆ. ಹೊನ್ನಾಳಿಯಲ್ಲಿ ಲಿಂಗಾಯತರಲ್ಲೂ ಗೌಡರಿದ್ದಾರೆ. ನಾಯ್ಕ ಅಂದ್ರೆ ತಾಂಡಾದ ಮುಖಂಡ. ಸಂತ ಸೇವಾಲಾಲ್ ಹುಟ್ಟಿದ ಜಾಗ ಅಂತ ನಂಬೋ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲೇ ಇದೆಯಲ್ಲ, ಆ ಕಡೆಯ ಬಂಜಾರ ಗೆಳೆಯರಲ್ಲಿ ಎಷ್ಟೋ ಜನ ನಾಯ್ಕ. ಜಗಳೂರಿಗೆ ಹೋದ್ರೆ ನಾಯಕ ಅಂದ್ರೆ ವಾಲ್ಮೀಕಿ ಸಮುದಾಯ. ಉಚ್ಚಾರ ಹತ್ತಿರ ಹತ್ತಿರ, ಜನ ಬೇರೆ ಬೇರೆ.

ಎಲ್ಲವೂ ಒಂದು ಕಾಲದ ಕೆಲಸದ ಹೆಸರು. ಈಗ ಅದೇ ಪದದಿಂದ ಜಾತಿ ಓದೋಕೆ ನೋಡ್ತಾರೆ, ಅದನ್ನೂ ಅರ್ಧಂಬರ್ಧ ಓದ್ತಾರೆ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಜೊತೆ ಓದಿದವನೊಬ್ಬ ಕೆಲಸ ಸಿಕ್ಕಿ ದೊಡ್ಡ ಊರಿಗೆ ಹೋದ. ಬಾಡಿಗೆ ರೂಮ್ ಕೇಳಿದಾಗ ಓನರ್ ‘ಪೂರ್ತಿ ಹೆಸರು ಹೇಳಿ’ ಅಂದ್ರು. ಹೇಳಿದ. ‘ಇನಿಷಿಯಲ್ ಬಿಡಿಸಿ ಹೇಳಿ.’ ಊರು ಹೇಳಿದ, ಅಪ್ಪನ ಹೆಸರು ಹೇಳಿದ. ‘ಅದಲ್ಲಪ್ಪಾ, ಸರ್‌ನೇಮು?’ ಇಲ್ಲ ಸರ್ ಅಂದ. ಕೊನೆಗೆ ಬಾಯಿಬಿಟ್ಟೇ ಕೇಳಿದ್ರು, ‘ಯಾವ ಜನ?’ ಹೇಳಿದ. ಸಂಜೆ ಫೋನ್ ಬಂತು, ರೂಮ್ ಬೇರೆಯವರಿಗೆ ಕೊಟ್ಟಾಯ್ತಂತೆ.

ಆ ಮನುಷ್ಯ ನಾಲ್ಕು ಪ್ರಶ್ನೆ ಕೇಳಬೇಕಾಯ್ತು. ಸರ್‌ನೇಮ್ ಇದ್ದಿದ್ರೆ ಒಂದರಲ್ಲೇ ಮುಗೀತಿತ್ತು. ನಮ್ಮ ಎರಡು ಅಕ್ಷರ ಅವನನ್ನ ಪೂರ್ತಿ ಕಾಯಲಿಲ್ಲ. ಆದ್ರೆ ಕೇಳೋರಿಗೆ ತಮ್ಮ ಪ್ರಶ್ನೆ ಯಾವುದು ಅಂತ ಬಾಯಿಬಿಟ್ಟು ಒಪ್ಪಿಕೊಳ್ಳೋ ಹಾಗೆ ಮಾಡ್ತು.

7/8

ಹಂಗಂತ ಇನಿಷಿಯಲ್ ಪದ್ಧತಿ ಬಂಗಾರ ಅಂತಲ್ಲ. ಅದರೊಳಗೆ ಅಮ್ಮ ಎಲ್ಲಿದ್ದಾಳೆ?

ಮನೆಯ ಪಹಣಿ ತೆಗೆದು ನೋಡಿ. ಗಂಡಸಿನ ಹೆಸರಿನ ಮುಂದೆ ‘ಬಿನ್’, ಅಂದ್ರೆ ಇಂಥವರ ಮಗ. ಅರಬ್ಬಿ ಪದ, ನಮ್ಮ ಕಂದಾಯ ಕಾಗದದಲ್ಲಿ ನೆಮ್ಮದಿಯಾಗಿ ಕೂತಿದೆ. ಹೆಂಗಸಿನ ಹೆಸರಿನ ಮುಂದೆ ‘ಕೋಂ’, ಅಂದ್ರೆ ಇಂಥವರ ಹೆಂಡತಿ. ನಮ್ಮಜ್ಜಿ ಹೆಸರು ನಮ್ಮ ಪಹಣಿಯಲ್ಲಿ ಕೋಂ ಜೊತೆಗೇ ಇದೆ. ನಮ್ಮಮ್ಮನ ಶಾಲೆಯ ಸರ್ಟಿಫಿಕೇಟ್‌ನಲ್ಲಿ ಒಂದು ಇನಿಷಿಯಲ್, ಮದುವೆ ಆದ ಮೇಲೆ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು. ಎರಡೂ ಒಬ್ಬಳೇ ಅಂತ ತೋರಿಸೋಕೆ ಅಫಿಡವಿಟ್ ಮಾಡಿಸಬೇಕಾಯ್ತು. ಗಂಡಸರ ಹೆಸರಿಗೆ ಈ ಓಡಾಟ ಇಲ್ಲ.

ಅಕ್ಕನದು ಇನ್ನೊಂದು ಥರ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಬಂತು. ಈಗ ಅವಳು ಕೆಲಸ ಮಾಡೋ ದೇಶದಲ್ಲಿ ಎಲ್ಲರೂ ಅವಳನ್ನ ಕರೆಯೋದು ಅಪ್ಪನ ಹೆಸರಿಂದ. ‘ಮಿಸ್ ಬಸಪ್ಪ’ ಅನ್ನೋ ಥರ. ನಾವೆಲ್ಲಾ ನಕ್ಕಿದ್ವಿ. ಅಪ್ಪ ಮಾತ್ರ ಫೋನಿನಲ್ಲಿ ಒಂದು ನಿಮಿಷ ಸುಮ್ಮನಿದ್ರು. ಆಮೇಲೆ, ‘ನಮ್ಮವ್ವನ ಹೆಸರು ಯಾವ ಕಾಗದದಾಗೂ ಮುಂದೆ ಬರ್ಲೇ ಇಲ್ಲ ನೋಡು’ ಅಂದ್ರು.

8/8

ಈಗ ಕೆಲಸದ ಮಾತು. ಫಾರ್ಮ್ ತುಂಬೋ ಮುಂಚೆ ಮೂರು ವಿಷಯ ನೋಡ್ಕೊಳ್ಳಿ.

ಒಂದು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇರಲಿ. ಇನಿಷಿಯಲ್ ಮುಂದೆಯೋ ಹಿಂದೆಯೋ ಅನ್ನೋದೂ ಮುಖ್ಯ.

ಎರಡು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಡಬಹುದು. ಆದ್ರೆ ಹೊರಗೆ ತೊಂದರೆ ಆಗುತ್ತೆ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್‌ನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದಿತ್ತು. ಆಮೇಲೆ ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಇದ್ರೆ ಸಾಕು ಅಂತ ಸಡಿಲ ಮಾಡ್ತು. ದುಬೈ ಕಡೆ ಹೊರಟವರು ನಿಯಮ ಕೇಳಿಕೊಂಡೇ ಹೋಗಿ.

ಮೂರು, ಆ ಕಾಲಂನಲ್ಲಿ ಏನು ಬರೆದ್ರೂ ಅದು ನಿಮ್ಮಲ್ಲಿಗೆ ನಿಲ್ಲಲ್ಲ. ನಾಳೆ ಮಕ್ಕಳ ಫಾರ್ಮ್‌ಗೂ ಅದೇ ಹೋಗಬಹುದು. ಜಾನ್ಸನ್‌ಗೆ ಆದ ಹಾಗೆ, ಗಟ್ಟಿಯಾಗೋ ತಲೆಮಾರು ನಮ್ಮದೇ ಇರಬಹುದು. ಊರು ಹಾಕ್ತೀರೋ, ಅಪ್ಪನ್ನ ಹಾಕ್ತೀರೋ, ಅಮ್ಮನ್ನ ಹಾಕ್ತೀರೋ, ಮನೇಲಿ ಕೂತು ಮಾತಾಡಿ ಹಾಕಿ. ಸೈಬರ್ ಸೆಂಟರ್‌ನವರು ‘ಏನೋ ಒಂದು ಹಾಕ್ತೀನಿ’ ಅಂದ್ರೆ ಬೇಡ ಅನ್ನಿ.

ಇತ್ತೀಚೆಗೆ ಇಲ್ಲೇ ಪ್ರೊಫೈಲ್‌ನಲ್ಲಿ ಹೊಸದಾಗಿ ಜಾತಿ ಹೆಸರು ಸೇರಿಸ್ಕೊಂಡವರಿಗೂ ಒಂದು ಮಾತು. ತುಳಿಸಿಕೊಂಡ ಮನೆಯವರು ತಲೆಯೆತ್ತಿ ತಮ್ಮ ಹೆಸರು ಹೇಳೋದು ಬೇರೆ, ನಾವು ದೊಡ್ಡೋರು ಅಂತ ತೋರಿಸೋದು ಬೇರೆ. ಯಾವುದು ಅಂತ ನಿಮಗೇ ಗೊತ್ತಿರುತ್ತೆ.

ನನ್ನ ಲೆಕ್ಕಾಚಾರ ಇನ್ನೂ ಮುಗಿದಿಲ್ಲ. ನನ್ನ ಪಾಸ್‌ಪೋರ್ಟ್ ಅರ್ಜಿ ಡ್ರಾಫ್ಟ್‌ನಲ್ಲಿದೆ. ಊರಿನ ಹೆಸರೇ ಹಾಕೋಣ ಅಂತ ಇದ್ದೀನಿ. ಅಜ್ಜಿನ ಕೇಳಿದ್ರೆ, ‘ನನ್ ತವರೂರು ಹಾಕೇ’ ಅಂತಾಳೆ.

ಕಾಮೆಂಟ್‌ನಲ್ಲಿ ನಿಮ್ಮ ಇನಿಷಿಯಲ್‌ನ ಊರಿನ ಅಕ್ಷರ ಬಿಡಿಸಿ ಬರೀರಿ. ಪೂರ್ತಿ ಹೆಸರು ಬೇಡ, ಊರು ಸಾಕು. ಗೊತ್ತಿಲ್ಲದಿದ್ರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ.

#ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು #ನಮ್ಮಇನಿಷಿಯಲ್