ಮಾತ್ರೆ ನುಂಗುವ ಕೆಲಸ

ತಮ್ಮನ ಅಂಗಿ ಒಗೆಯುವಾಗ ತೋಳಿನ ಒಳಮಗ್ಗುಲಲ್ಲಿ ಸಣ್ಣದೊಂದು ರಕ್ತದ ಕಲೆ ಕಂಡಿತು. ಒಂದೇ ತೋಳಿನಲ್ಲಲ್ಲ, ಎರಡರಲ್ಲೂ. ಸೊಳ್ಳೆ ಹೊಡೆದಿರಬೇಕು ಎಂದುಕೊಂಡು ಸೋಪು ತಿಕ್ಕಿ ಸುಮ್ಮನಾದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ತೋಳು ಮಡಚಿಕೊಂಡ ನೋಡಿ, ಮೊಣಕೈ ಮಡಿಕೆಯಲ್ಲಿ ಪ್ಲಾಸ್ಟರ್ ಕಿತ್ತ ಅಂಟು, ಅದರ ಸುತ್ತ ಹಸಿರುಗಟ್ಟಿದ ಚರ್ಮ. ಹೆಂಗಸರ ಕಣ್ಣಿಗೆ ಇಂಥವು ತಪ್ಪುವುದುಂಟೆ?

"ಏನೋ ಇದು?" ಎಂದೆ.

"ಏನಿಲ್ಲಕ್ಕ, ರಕ್ತದಾನ ಮಾಡಿದ್ದೆ."

"ಎರಡೂ ಕೈಲಿ ಯಾರೋ ರಕ್ತದಾನ ಮಾಡ್ತಾರೆ?"

ಅವನು ಮಾತಾಡದೆ ಸಾರನ್ನ ಕಲಸುತ್ತಲೇ ಇದ್ದ. ಸಂಜೆ ಹಿತ್ತಲಲ್ಲಿ ಬಟ್ಟೆ ಎತ್ತುವಾಗ ಬಾಯಿಬಿಟ್ಟ. ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಅಂತ ಹೋಗಿ ಬರುತ್ತಿದ್ದನಲ್ಲ, ಅದು ಸೆಕ್ಯುರಿಟಿ ಕೆಲಸವೇ ಅಲ್ಲವಂತೆ. ಮಾತ್ರೆ ನುಂಗುವ ಕೆಲಸವಂತೆ. ನುಂಗಿದರೆ ದುಡ್ಡು ಕೊಡುತ್ತಾರಂತೆ! ನಾವೆಲ್ಲ ದುಡ್ಡು ಕೊಟ್ಟು ಮಾತ್ರೆ ನುಂಗುವ ಜನ. ಇದು ಯಾವ ಲೋಕದ ವ್ಯಾಪಾರವಪ್ಪಾ ಎಂದು ನನಗೆ ಕೈಕಾಲು ತಣ್ಣಗಾಯಿತು.

ನಮ್ಮದು ಭದ್ರಾವತಿ. ಒಂದು ಕಾಲಕ್ಕೆ ಇಲ್ಲಿ ಹೆಣ್ಣು ಕೊಡುವವರು "ಹುಡುಗ ಯಾವ ಫ್ಯಾಕ್ಟರಿ?" ಎಂದಷ್ಟೇ ಕೇಳುತ್ತಿದ್ದರು. ಕಬ್ಬಿಣದ ಕಾರ್ಖಾನೆಯೋ, ಕಾಗದದ ಕಾರ್ಖಾನೆಯೋ, ಎರಡರಲ್ಲಿ ಒಂದಾದರೆ ಸಾಕು, ಜಾತಕ ಆಮೇಲೆ. ಕಾಗದದ್ದು 2015ರ ಹೊತ್ತಿಗೆ ನಿಂತುಹೋಯಿತು. ನಮ್ಮ ಯಜಮಾನರು ಸ್ವಯಂನಿವೃತ್ತಿ ತೆಗೆದುಕೊಂಡರು. ತಮ್ಮನಿಗೆ ಇಪ್ಪತ್ತೊಂಬತ್ತು ವರ್ಷ, ಐ.ಟಿ.ಐ. ಓದಿದ್ದಾನೆ, ಒಂದು ಕಡೆ ಗುತ್ತಿಗೆ ಕೆಲಸದಲ್ಲಿದ್ದ. ಗುತ್ತಿಗೆ ಮುಗಿಯಿತು, ಕೆಲಸವೂ ಮುಗಿಯಿತು. ಅಮ್ಮ ಹೋದ ಮೇಲೆ ನಮ್ಮ ಜೊತೆಗೇ ಇದ್ದಾನೆ. ಭಾವನ ಮುಂದೆ ಕೈಯೊಡ್ಡಲು ಅವನಿಗೆ ಸಂಕೋಚ.

ಅವನು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಒಂದು ಔಷಧಿಯ ಪೇಟೆಂಟ್ ಅವಧಿ ಮುಗಿದ ಮೇಲೆ ಬೇರೆ ಕಂಪನಿಗಳೂ ಅದನ್ನು ತಯಾರಿಸಬಹುದು. ಆದರೆ ತಮ್ಮ ಮಾತ್ರೆಯೂ ಮೂಲ ಮಾತ್ರೆಯಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರುತ್ತದೆ ಎಂದು ತೋರಿಸಿಕೊಡಬೇಕು. ಅದಕ್ಕೆ ರೋಗಿಗಳು ಬೇಡ, ಗಟ್ಟಿಮುಟ್ಟಾದವರು ಬೇಕು. ಅಂಥವರನ್ನು ಒಳಗೇ ಉಳಿಸಿಕೊಳ್ಳುತ್ತಾರೆ. ರಾತ್ರಿ ಉಪವಾಸ, ಬೆಳಿಗ್ಗೆ ಮಾತ್ರೆ, ಕೈಗೊಂದು ನಳಿಗೆ ಚುಚ್ಚಿಟ್ಟು ಮತ್ತೆ ಮತ್ತೆ ರಕ್ತ ತೆಗೆಯುವುದು. ಕೆಲವು ದಿನ ಬಿಟ್ಟು ಮತ್ತೆ ಹೋಗಬೇಕು. ಮೊದಲ ಸಲ ಒಂದು ಕಂಪನಿಯ ಮಾತ್ರೆ ಕೊಟ್ಟಿದ್ದರೆ ಈ ಸಲ ಇನ್ನೊಂದರದ್ದು. ಬೆಂಗಳೂರು, ಹೈದರಾಬಾದು, ಅಹಮದಾಬಾದಿನಲ್ಲಿ ಇದಕ್ಕೆಂದೇ ಸಂಸ್ಥೆಗಳಿವೆ. ಕಾನೂನಿಗೆ ಒಪ್ಪಿಗೆಯಾದ ಕೆಲಸವೇ. ಅಗ್ಗದ ಮಾತ್ರೆಯನ್ನು ನಾವು ನಂಬಿ ನುಂಗುವುದು ಇಂಥ ಪರೀಕ್ಷೆಗಳ ಬಲದಿಂದಲೇ. ಅವನಿಗೆ ಎಲ್ಲ ಸೇರಿ ಒಂಬತ್ತು ಸಾವಿರ ಬಂತಂತೆ. ಹೋದ ತಿಂಗಳು ಕರೆಂಟ್ ಬಿಲ್ಲು ಕಟ್ಟಿ, ಮಗಳ ಫೀಸಿಗೆ ನಾಲ್ಕು ಸಾವಿರ ಕೊಟ್ಟವನು ಅವನೇ.

ಅಷ್ಟೇ ಆಗಿದ್ದರೆ ನಾನು ಇಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ಅವನು ಒಂದು ಕಡೆ ಮುಗಿಸಿ ಐದೇ ವಾರಕ್ಕೆ ಇನ್ನೊಂದು ಕಡೆ ಸೇರಿದ್ದ. ಈಚೆಗೆ ಬೇರೆಲ್ಲಾದರೂ ಭಾಗವಹಿಸಿದ್ದೀರಾ ಎಂದು ಅವರು ಕೇಳಿದ್ದಕ್ಕೆ "ಇಲ್ಲ" ಎಂದಿದ್ದ.

"ಮೂರು ತಿಂಗಳು ಬಿಡಬೇಕು ಅಂತಾರಕ್ಕ. ಮೂರು ತಿಂಗಳು ಹೊಟ್ಟೆ ಬಿಡುತ್ತಾ?"

ಮಾರನೆಯ ದಿನ ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಗಂಡಸರಿಗೆ ಹಿಮೋಗ್ಲೋಬಿನ್ 13ರ ಮೇಲಿರಬೇಕು. ಇವನದು 10.9. ಮೆಟ್ಟಿಲು ಹತ್ತುವಾಗ ತಲೆ ತಿರುಗುತ್ತೆ ಎಂದು ಹದಿನೈದು ದಿನದಿಂದ ಹೇಳುತ್ತಿದ್ದ. ಪಿತ್ತ ಇರಬೇಕು ಎಂದು ನಾನೇ ಜೀರಿಗೆ ಕಷಾಯ ಮಾಡಿಕೊಟ್ಟಿದ್ದೆ!

ಚೀಲದ ತಳದಲ್ಲಿ ಮಡಚಿಟ್ಟಿದ್ದ ಒಪ್ಪಿಗೆ ಪತ್ರ ತೆಗೆಸಿದೆ. ಇಂಗ್ಲಿಷಿನಲ್ಲಿ ಏನೇನೋ ಬರೆದು ಹುಡುಗನನ್ನು ಏಮಾರಿಸಿದ್ದಾರೆ ಎಂದು ಬಯ್ಯಲು ಸಿದ್ಧಳಾಗಿ ಕೂತಿದ್ದೆ. ಬಿಡಿಸಿದರೆ ಶುದ್ಧ ಕನ್ನಡ. ಬೇರೆ ಪರೀಕ್ಷೆಯಲ್ಲಿ ಭಾಗವಹಿಸಿದ್ದರೆ ತಿಳಿಸಬೇಕು, ಹಾಗೆ ಮುಚ್ಚಿಟ್ಟರೆ ನಿಮ್ಮ ಜೀವಕ್ಕೇ ಅಪಾಯ ಎಂದು ಸ್ಪಷ್ಟವಾಗಿ ಇತ್ತು. ಪ್ರತಿ ಪುಟಕ್ಕೂ ಇವನ ಸಹಿ. ಓದಿದ್ದು ಮಾತ್ರ ಕೊನೆಯ ಪುಟ, ದುಡ್ಡಿನ ಲೆಕ್ಕ ಇದ್ದ ಪುಟ.

"ಇಲ್ಲೇ ಶಿವಮೊಗ್ಗದಲ್ಲಿ ಇಂಥದ್ದು ಇದ್ದಿದ್ರೆ ಮನೆಯಿಂದಲೇ ಹೋಗಿ ಬರಬಹುದಿತ್ತು. ನೀನು ಶುಗರ್‌ಗೆ ತೋರಿಸೋ ಆಸ್ಪತ್ರೇಲಿ ಕೇಳಿ ನೋಡಕ್ಕ" ಎಂದ.

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ನಿಜ ಹೇಳುತ್ತೇನೆ, ಒಂಬತ್ತು ಸಾವಿರ ಎಂಬ ಮಾತು ನನ್ನ ತಲೆಯೊಳಗೂ ಕೂತಿತ್ತು. ಕಣ್ಣೆದುರಿಗೇ ಇದ್ದರೆ ಲೆಕ್ಕ ಇಡಬಹುದು, ಮೂರು ತಿಂಗಳಿಗೊಂದು ಸಲ ಮಾತ್ರ ಕಳಿಸಬಹುದು, ಹೀಗೆಲ್ಲ ಯೋಚನೆ ಓಡಿತು.

ಮಗಳು ಫೋನಿನಲ್ಲಿ ಹುಡುಕಿದಳು. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಎಂದು ಕೇಂದ್ರ ಸರ್ಕಾರದ ಐ.ಸಿ.ಎಂ.ಆರ್.ನವರು 2007ರಲ್ಲಿ ಶುರು ಮಾಡಿದ ದಾಖಲೆ ಪುಸ್ತಕವಿದೆ. 2009ರ ಜೂನ್‌ನಿಂದ ಔಷಧ ಪ್ರಯೋಗ ಮಾಡುವವರು ಅದರಲ್ಲಿ ಮೊದಲೇ ನೋಂದಾಯಿಸಲೇಬೇಕು. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಯಾವ ಊರು, ಯಾವ ಆಸ್ಪತ್ರೆ, ಯಾವ ಡಾಕ್ಟರು, ಎಂಥವರನ್ನು ಸೇರಿಸಿಕೊಳ್ಳುತ್ತಾರೆ ಎಲ್ಲ ಇರುತ್ತದೆ, ಆದರೆ ಇಂಗ್ಲಿಷಿನಲ್ಲಿ. ನಮ್ಮ ಕಡೆಯವು ಎಂದು ಅವಳು ಓದಿ ಹೇಳಿದವುಗಳಲ್ಲಿ ಹೆಚ್ಚಿನವು ವೈದ್ಯ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕಾಗಿ ಮಾಡುವವು: ಆಪರೇಷನ್ ನೋವಿಗೆ ಯಾವ ಮದ್ದು ಮೇಲು, ಮಂಡಿನೋವಿಗೆ ಯಾವ ಎಣ್ಣೆ, ಇಂಥವು. ಎಲ್ಲಕ್ಕೂ ರೋಗಿಗಳೇ ಬೇಕು. ಗಟ್ಟಿಮುಟ್ಟಾದ ಹುಡುಗನನ್ನು ಕರೆದು ದುಡ್ಡು ಕೊಡುವ ಒಂದೂ ಸಿಗಲಿಲ್ಲ.

ಪ್ರಯೋಗ ಎನ್ನುವುದು ಬೆಂಗಳೂರಿನ ಸ್ವತ್ತೇನೂ ಅಲ್ಲ. 2020ರಲ್ಲಿ ಕೊರೋನಾ ಲಸಿಕೆಗಳನ್ನು ಪರೀಕ್ಷಿಸುವಾಗ ಕೋವ್ಯಾಕ್ಸಿನ್‌ಗೆ ಬೆಳಗಾವಿಯವರು, ಕೋವಿಶೀಲ್ಡ್‌ಗೆ ಮೈಸೂರಿನವರು ತೋಳು ಕೊಟ್ಟಿದ್ದಾರೆ. ಅದಕ್ಕೂ ಎಷ್ಟೋ ಮೊದಲು ನಮ್ಮ ಜಿಲ್ಲೆಯವರೇ ಕೊಟ್ಟಿದ್ದರು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಾಣಿಸಿತಲ್ಲ, ಅದರ ಲಸಿಕೆಯನ್ನು 1990ರಿಂದ 1992ರವರೆಗೆ ರಾಜ್ಯದ ಮೂರು ಜಿಲ್ಲೆಗಳ ಹಳ್ಳಿಗಳಲ್ಲಿ ಹಾಕಿ ನೋಡಿದ್ದು. ಸೊರಬದ ಕಡೆಯ ನಮ್ಮ ದೊಡ್ಡಮ್ಮನಿಗೆ ಈ ವಿಷಯ ಹೇಳಿದರೆ, "ಆಗ ತೋಳು ಊದಿದ್ದೇ ಬಂತು, ಯಾರೂ ದುಡ್ಡು ಗಿಡ್ಡು ಕೊಡಲಿಲ್ಲಪ್ಪ" ಎಂದು ನಗುತ್ತಾರೆ.

ಅಂತೂ ಒಂದು ಮಂಗಳವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಮಾಚೇನಹಳ್ಳಿ ದಾಟುವ ತನಕ ಹೇಗೆ ಕೇಳುವುದು ಎಂದೇ ಅಭ್ಯಾಸ ಮಾಡಿಕೊಂಡೆ. "ನಮ್ಮ ಹುಡುಗನ ಮೇಲೆ ಏನಾದರೂ ಪ್ರಯೋಗ ಮಾಡ್ತೀರಾ?" ಎಂದು ಯಾವ ಹೆಂಗಸು ಕೇಳಿಯಾಳು!

ಡಾಕ್ಟರು ನಗಲಿಲ್ಲ. ಇಲ್ಲಿ ಆರೋಗ್ಯವಂತರ ಮೇಲೆ ನಾವು ಮಾಡುವುದಿಲ್ಲ, ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು ಎಂದರು. ಆಮೇಲೆ ನನ್ನ ಚೀಟಿ ತಿರುವಿ ನೋಡಿ, "ಆದರೆ ನೀವು ಸೇರಬಹುದೇನೋ" ಎಂದರು. ಒಂಬತ್ತು ವರ್ಷದ ಸಕ್ಕರೆ ಕಾಯಿಲೆ ನನ್ನದು, ಎರಡು ಮಾತ್ರೆಗೂ ಬಗ್ಗುತ್ತಿಲ್ಲ. ಅವರ ಆಸ್ಪತ್ರೆಯಲ್ಲಿ ಹೊಸ ಮಾತ್ರೆಯೊಂದರ ಪ್ರಯೋಗ ನಡೆಯುತ್ತಿತ್ತು. ಹಳೆಯವನ್ನು ಬಿಡುವಂತಿಲ್ಲ. ಅದರ ಜೊತೆಗೆ ಕೆಲವರಿಗೆ ಹೊಸ ಮಾತ್ರೆ, ಕೆಲವರಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ದುಡ್ಡು? ಒಂದು ಭೇಟಿಗೆ ಐನೂರು ರೂಪಾಯಿ, ಬಸ್ಸಿಗೆ, ಊಟಕ್ಕೆ, ಹೋದ ದಿನದ ಕೂಲಿಗೆ ಎಂದು. ಎಷ್ಟು ಕೊಡಬೇಕು ಎಂಬುದನ್ನೂ ನೈತಿಕ ಸಮಿತಿ ಒಪ್ಪಬೇಕಂತೆ. ದುಡ್ಡಿನ ಆಸೆಗೆ ಬಿದ್ದು ಯಾರೂ ಜೀವ ಒಡ್ಡಬಾರದೆಂದು. ಆ ಸಮಿತಿಯಲ್ಲಿ ಕಡಿಮೆಯೆಂದರೆ ಏಳು ಜನ, ಅರ್ಧದಷ್ಟು ಮಂದಿ ಆಸ್ಪತ್ರೆಗೆ ಸಂಬಂಧವಿಲ್ಲದವರು. ಒಬ್ಬ ಹೆಂಗಸು ಇರಲೇಬೇಕು, ವೈದ್ಯ ಓದದ ಸಾಮಾನ್ಯರೊಬ್ಬರೂ ಇರಬೇಕು. 2019ರ ನಿಯಮಗಳಲ್ಲಿ ಹೀಗಿದೆ.

ಪತ್ರವನ್ನು ಮನೆಗೆ ಕೊಟ್ಟು ಕಳಿಸಿದರು. ರಾತ್ರಿ ಊಟವಾದ ಮೇಲೆ ಮಗಳು ಗಟ್ಟಿಯಾಗಿ ಓದಿದಳು, ನಾವು ಮೂವರು ಕೇಳಿದೆವು. ನಡುವೆ ಬಿಟ್ಟುಬಿಡಬಹುದು, ಕಾರಣ ಹೇಳಬೇಕಿಲ್ಲ, ಬಿಟ್ಟರೂ ಆಸ್ಪತ್ರೆಯ ಮಾಮೂಲು ಚಿಕಿತ್ಸೆ ತಪ್ಪುವುದಿಲ್ಲ. ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ. ಸಹಿ ಹಾಕಿದ ಪತ್ರದ ಒಂದು ಪ್ರತಿ ನನ್ನ ಕೈಲೇ ಇರಬೇಕು. ಯಾರಿಗೆ ಫೋನು ಮಾಡಬೇಕು ಎಂಬುದೂ ಇತ್ತು. ಯಜಮಾನರು ಎರಡು ಸಲ "ಮತ್ತೊಮ್ಮೆ ಓದು" ಎಂದರು. ಮೂರನೆಯ ಪುಟದ ಹೊತ್ತಿಗೆ ತಮ್ಮ ತಲೆ ತಗ್ಗಿಸಿದ್ದ.

ಈ ನಿಯಮಗಳು ತಾವಾಗಿಯೇ ಬಂದವಲ್ಲ. 2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹಾಸ್ಟೆಲಿನ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕುವ ಅಧ್ಯಯನ ನಡೆದಾಗ ಎಷ್ಟೋ ಪತ್ರಗಳಿಗೆ ತಾಯಿತಂದೆಯರಲ್ಲ, ವಾರ್ಡನ್‌ಗಳು ಸಹಿ ಹಾಕಿದ್ದರು. ಲಸಿಕೆ ಕೆಟ್ಟದ್ದಲ್ಲ, ಈಗ ನಮ್ಮ ಹೆಣ್ಣುಮಕ್ಕಳಿಗೆ ಡಾಕ್ಟರುಗಳೇ ಹೇಳುತ್ತಾರೆ. ಕೇಳಿದ ರೀತಿ ತಪ್ಪು. ಆ ಗಲಾಟೆಯೆಲ್ಲ ಆಗಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2013ರಿಂದ ನಿಯಮಗಳು ಬಿಗಿಯಾದವು.

ಮುಂದಿನ ವಾರ ಸಹಿ ಹಾಕಲು ಹೋದೆ. ಪತ್ರದ ಕೊನೆಯಲ್ಲಿ ಅರ್ಜಿಯ ಹಾಗೆ ತುಂಬಬೇಕಾದ ಖಾನೆಗಳಿದ್ದವು. ಹೆಸರು, ವಿಳಾಸ, ವಿದ್ಯಾಭ್ಯಾಸ. ಉದ್ಯೋಗ ಎಂಬಲ್ಲಿ ‘ಗೃಹಿಣಿ’ ಎಂದು ಅಚ್ಚಾಗಿಯೇ ಇತ್ತು, ಗುರುತು ಹಾಕಿದರೆ ಆಯಿತು. ಅದರ ಕೆಳಗೆ ವಾರ್ಷಿಕ ಆದಾಯ.

ಪೆನ್ನು ನಿಂತಿತು.

"ಸೊನ್ನೆ ಅಂತ ಬರೀರಿ ಆಂಟಿ" ಎಂದಳು ಪಕ್ಕದಲ್ಲಿದ್ದ ಹುಡುಗಿ. ಒಳ್ಳೆಯ ಹುಡುಗಿಯೇ, ನೀರು ತಂದುಕೊಟ್ಟಿದ್ದಳು. ಆದರೂ ಆ ಸೊನ್ನೆ ನನಗೆ ಚುಚ್ಚಿತು. ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿ, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಮಾರಿ ತಿಂಗಳಿಗೆ ಒಂದೂವರೆ ಸಾವಿರವಾದರೂ ಸಂಪಾದಿಸುತ್ತೇನೆ. ಹದಿನೆಂಟು ಸಾವಿರ ಎಂದು ಬರೆದೆ.

ಅದರ ಕೆಳಗಿನ ಖಾನೆ ನಾಮಿನಿಯ ಹೆಸರು. ಎಲ್.ಐ.ಸಿ.ಯಲ್ಲಿ ಕೇಳುತ್ತಾರಲ್ಲ, ಹಾಗೆ. ನಾನು ಸತ್ತರೆ ಯಾರಿಗೆ. ಮಾತ್ರೆಯಿಂದ ಸಾಯಬಹುದೇ ಎಂದು ಡಾಕ್ಟರನ್ನು ನೇರವಾಗಿಯೇ ಕೇಳಿದೆ. ಆ ಸಂಭವ ಬಹಳ ಕಡಿಮೆ, ಇಲ್ಲವೆಂದು ಹೇಳಲಾರೆ ಎಂದರು. ಪ್ರಯೋಗದ ಕಾರಣದಿಂದಲೇ ಸಾವು ಬಂದರೆ ಪರಿಹಾರಕ್ಕೊಂದು ಸೂತ್ರವಿದೆಯಂತೆ. ಎಂಟು ಲಕ್ಷ ಎಂಬ ಮೂಲ ಮೊತ್ತ, ಅದಕ್ಕೆ ವಯಸ್ಸಿನದೊಂದು ಅಂಕಿ, ಕಾಯಿಲೆಯ ತೀವ್ರತೆಯದೊಂದು ಅಂಕಿ ಗುಣಿಸಿ 99.37ರಿಂದ ಭಾಗಿಸುವುದು. ಕೊನೆಯ ಘಟ್ಟದ ರೋಗಿಗೆ ಆ ಅಂಕಿ ಅರ್ಧ, ಪೂರ್ಣ ಆರೋಗ್ಯವಂತನಿಗೆ ನಾಲ್ಕು.

"ನಾನು ಬರೆದ ಹದಿನೆಂಟು ಸಾವಿರ ಆ ಲೆಕ್ಕದಲ್ಲಿ ಎಲ್ಲಿ ಬಂತು?" ಎಂದೆ.

"ಎಲ್ಲೂ ಬರೋದಿಲ್ಲ. ಸಂಬಳ ಎಷ್ಟು ಅಂತ ಆ ಸೂತ್ರ ಕೇಳೋದಿಲ್ಲಮ್ಮ."

ಹಾಗಾದರೆ ನನ್ನ ವಯಸ್ಸಿನ, ನನ್ನಷ್ಟೇ ಕಾಯಿಲೆಯ ಇಂಜಿನಿಯರ್ ಒಬ್ಬರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರೆ ಇಬ್ಬರ ಜೀವಕ್ಕೂ ಒಂದೇ ಬೆಲೆ. ಸಾವಿನ ಮಾತಾಡುತ್ತಿದ್ದರೂ ಆ ಗಳಿಗೆಯಲ್ಲಿ ನನಗೆ ಏನೋ ಸಮಾಧಾನವಾಯಿತು. ಹೇಗೆ ಎಂದು ಕೇಳಬೇಡಿ.

ನಾಮಿನಿಯ ಜಾಗದಲ್ಲಿ ಮಗಳ ಹೆಸರು ಬರೆದೆ. ಯಜಮಾನರಿಗೆ ಸ್ವಲ್ಪ ಮುನಿಸು.

ಮನೆಗೆ ಬಂದು ತಮ್ಮನಿಗೆ ಹೇಳಿದೆ, "ನೋಡೋ, ನಿನ್ನದು ನಾಲ್ಕು. ನನಗಿಂತ ನಿನಗೇ ಬೆಲೆ ಜಾಸ್ತಿ." ಅವನು, "ಆದರೆ ನಾನು ಸುಳ್ಳು ಹೇಳಿ ಸೇರಿದ್ದೆನಲ್ಲಕ್ಕ, ಏನಾದರೂ ಆಗಿದ್ದಿದ್ರೆ ಯಾವ ಮಾತ್ರೆಯಿಂದ ಅಂತ ಹೇಗೆ ಹೇಳ್ತಿದ್ರು?" ಎಂದ. ಅದನ್ನು ಅವನಾಗಿಯೇ ಯೋಚಿಸಿದನಲ್ಲ ಎಂದು ನಾನು ಮುಂದೆ ಏನೂ ಬಯ್ಯಲಿಲ್ಲ.

ಈಗ ನನಗೆ ನಾಲ್ಕನೆಯ ತಿಂಗಳು. ಸಕ್ಕರೆ ಸ್ವಲ್ಪ ಇಳಿದಿದೆ. ಹೊಸ ಮಾತ್ರೆಯಿಂದಲೋ, ಭೇಟಿಗೆ ಮುಂಚೆ ಭಯಕ್ಕೆ ಸಿಹಿ ಬಿಟ್ಟಿದ್ದರಿಂದಲೋ ದೇವರಿಗೇ ಗೊತ್ತು. ಖಾಲಿ ಮಾತ್ರೆಯೇ ಇದ್ದರೂ ಇರಬಹುದು. ತಮ್ಮ ಪ್ರತಿ ಭೇಟಿಗೂ ಜೊತೆಗೆ ಬರುತ್ತಾನೆ, ಮರಳುವಾಗ ಗಾಂಧಿ ಬಜಾರಿನಲ್ಲಿ ಚೀಲ ಹಿಡಿಯುತ್ತಾನೆ. ಐನೂರರಲ್ಲಿ ಇಬ್ಬರ ಬಸ್ ಚಾರ್ಜು, ಕಾಫಿ ಕಳೆದು ಉಳಿದದ್ದಕ್ಕೆ ಅವನಿಗೆಂದು ಖರ್ಜೂರ ತರುತ್ತೇನೆ. ನುಗ್ಗೆಸೊಪ್ಪು, ರಾಗಿ, ಡಾಕ್ಟರು ಬರೆದ ಕಬ್ಬಿಣದ ಮಾತ್ರೆ ಎಲ್ಲ ಸೇರಿ ಹಿಮೋಗ್ಲೋಬಿನ್ 12.4ಕ್ಕೆ ಬಂದಿದೆ. ಒಂದು ವರ್ಕ್‌ಶಾಪಿನಲ್ಲಿ ದಿನಗೂಲಿ ಸಿಕ್ಕಿದೆ. ವಾರಕ್ಕೆ ನಾಲ್ಕು ದಿನ ಇದ್ದರೆ ಮೂರು ದಿನ ಇಲ್ಲ.

ಬೆಂಗಳೂರಿನ ಸ್ನೇಹಿತನ ಫೋನು ಈಗಲೂ ಬರುತ್ತದೆ. ತಮ್ಮ ಹಿತ್ತಲಿಗೆ ಹೋಗಿ ಮಾತಾಡಿ ಬರುತ್ತಾನೆ. ಏನು ಹೇಳಿದೆ ಎಂದು ನಾನು ಕೇಳುವುದಿಲ್ಲ. ಮೂರು ತಿಂಗಳು ಮುಗಿದಿದೆ ಎಂಬ ಲೆಕ್ಕ ಅವನಿಗೂ ಗೊತ್ತು, ನನಗೂ ಗೊತ್ತು. ಅವನ ಅಂಗಿ ಒಗೆಯುವಾಗ ಮಾತ್ರ ಎರಡೂ ತೋಳನ್ನು ಒಳಗು ಹೊರಗು ಮಾಡಿ ನೋಡಿಯೇ ನೀರಿಗೆ ಹಾಕುತ್ತೇನೆ.